ಕಣ್ಗಾವಲು ವಿಮಾನದ ವಿನ್ಯಾಸ: ನಿಶಾಂತ್‌ನಿಂದ ತಪಸ್‌ವರೆಗೆ

ಚಾಲಕನಿಲ್ಲದ ಕಣ್ಗಾವಲು ವಿಮಾನದ ಮುಖ್ಯ ಕೆಲಸವೆಂದರೆ ಕಾಯುವುದು. ಗಡಿಯ ಕಣಿವೆಯೊಂದರ ಮೇಲೋ ಕಡಲಿನ ವಿಸ್ತಾರದ ಮೇಲೋ ಅದು ಗಂಟೆಗಟ್ಟಲೆ ಸುತ್ತುತ್ತಿರಬೇಕು. ಆದುದರಿಂದ ಇಂಥ ವಿಮಾನದ ಯೋಗ್ಯತೆಯನ್ನು ವೇಗದಿಂದ ಅಳೆಯಲಾಗದು. ಎಷ್ಟು ಎತ್ತರದಲ್ಲಿ, ಎಷ್ಟು ಗಂಟೆ, ಎಷ್ಟು ಭಾರದ ಉಪಕರಣಗಳೊಡನೆ ಹಾರಬಲ್ಲುದು ಎಂಬ ಮೂರು ಪ್ರಶ್ನೆಗಳೇ ಅದರ ರೂಪವನ್ನು ನಿರ್ಣಯಿಸುತ್ತವೆ. ಒಂದನ್ನು ಹೆಚ್ಚಿಸಹೊರಟರೆ ಉಳಿದೆರಡು ಕುಗ್ಗುತ್ತವೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು (ಎ.ಡಿ.ಇ.) ರೂಪಿಸಿದ ವಿಮಾನಗಳ ಚರಿತ್ರೆ ಬಹುಮಟ್ಟಿಗೆ ಈ ಎಳೆದಾಟದ ಚರಿತ್ರೆಯೇ ಆಗಿದೆ.

1995ರಲ್ಲಿ ಮೊದಲು ಹಾರಿದ ‘ನಿಶಾಂತ್’ ಸುಮಾರು 380 ಕಿಲೋಗ್ರಾಂ ತೂಗುತ್ತಿತ್ತು. ನಾಲ್ಕೂವರೆ ಗಂಟೆ ಆಕಾಶದಲ್ಲಿರಬಲ್ಲದಾಗಿತ್ತು. ಸೈನ್ಯದ ಮುಂಚೂಣಿಯಲ್ಲಿ ಓಡುದಾರಿ ಇರುವುದಿಲ್ಲವೆಂಬ ಕಾರಣಕ್ಕೆ ಇದಕ್ಕೆ ಗಾಲಿಗಳನ್ನೇ ಅಳವಡಿಸಿರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಚಿಮ್ಮಿಸಿ ಹಾರಿಸುವುದು, ಕೆಲಸ ಮುಗಿದಮೇಲೆ ಪ್ಯಾರಾಚೂಟ್ ಹಾಗೂ ಗಾಳಿಚೀಲಗಳ ನೆರವಿನಿಂದ ಇಳಿಸಿಕೊಳ್ಳುವುದು ಇದರ ಕ್ರಮ. ಉಪಾಯ ಜಾಣತನದ್ದೇ, ಆದರೆ ಪ್ರತಿಯೊಂದು ಹಾರಾಟವೂ ಒಂದು ಹದವಾದ ಬೀಳುವಿಕೆಯಲ್ಲಿ ಮುಗಿಯಬೇಕಾಗಿತ್ತು. ಭೂಸೇನೆ ಪಡೆದ ನಾಲ್ಕು ನಿಶಾಂತ್‌ಗಳೂ 2015ರ ನವೆಂಬರ್ ವೇಳೆಗೆ ಅಪಘಾತಕ್ಕೀಡಾದವು. ಮುಂದಿನ ಖರೀದಿ ನಿಂತಿತು. ಅಷ್ಟರಲ್ಲಿ, 2014ರ ಡಿಸೆಂಬರಿನಲ್ಲಿ, ಗಾಲಿಗಳುಳ್ಳ ಅದರ ರೂಪಾಂತರವಾದ ‘ಪಂಛಿ’ ಹಾರಿತ್ತು.

ಎರಡನೆಯ ಹೆಜ್ಜೆ ‘ರುಸ್ತುಂ-1’. 1980ರ ದಶಕದಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ ತಯಾರಾದ ಹಗುರ ಸಂಶೋಧನಾ ವಿಮಾನವೇ ಇದಕ್ಕೆ ಆಧಾರ, ಹೆಸರೂ ಅವರದೇ. 2009ರ ನವೆಂಬರಿನಲ್ಲಿ ಹೊಸೂರಿನ ಬಳಿ ನಡೆದ ಮೊದಲ ಹಾರಾಟ ಅಪಘಾತದಲ್ಲಿ ಕೊನೆಗೊಂಡಿತು. ವಿಮಾನದ ಎತ್ತರವನ್ನು ನೆಲದಲ್ಲಿದ್ದವರು ತಪ್ಪಾಗಿ ಅಂದಾಜು ಮಾಡಿದ್ದರು. ಆಸನದಲ್ಲಿ ಕುಳಿತ ಚಾಲಕ ಮೈಯಿಂದಲೇ ಅರಿಯುವುದನ್ನು ನೆಲದ ಚಾಲಕ ಅಂಕಿಗಳಿಂದ ಅರಿಯಬೇಕಾದ ಕಷ್ಟ ಇಲ್ಲಿ ಗೋಚರಿಸುತ್ತದೆ. 2010ರ ಅಕ್ಟೋಬರಿನ ಹಾರಾಟ ಸಫಲವಾಯಿತು.

‘ರುಸ್ತುಂ-2’ ಎಂದು ಆರಂಭವಾಗಿ ಮುಂದೆ ‘ತಪಸ್ ಬಿ.ಎಚ್.-201’ ಎನಿಸಿದ ವಿಮಾನದ್ದು ಬೇರೆಯದೇ ಅಳತೆ. 2011ರಲ್ಲಿ ಸುಮಾರು 1,540 ಕೋಟಿ ರೂಪಾಯಿಗಳ ಯೋಜನೆಯಾಗಿ ಮಂಜೂರಾದ ಇದರ ಗುರಿ 30,000 ಅಡಿ ಎತ್ತರ ಮತ್ತು 24 ಗಂಟೆಗಳ ಹಾರಾಟ. ಉದ್ದ 9.5 ಮೀಟರ್, ರೆಕ್ಕೆಗಳ ಹರವು 20.6 ಮೀಟರ್. ಒಡಲಿಗಿಂತ ಎರಡು ಪಟ್ಟು ಮೀರಿದ ಈ ಹರವು ಅಲಂಕಾರಕ್ಕಾಗಿ ಬಂದುದಲ್ಲ. ನೀಳವೂ ಕಿರಿದೂ ಆದ ರೆಕ್ಕೆ, ವಿಮಾನವನ್ನು ಎತ್ತಿಹಿಡಿಯುವಾಗ ಹುಟ್ಟುವ ಗಾಳಿಯ ಪ್ರತಿರೋಧವನ್ನು ತಗ್ಗಿಸುತ್ತದೆ. ಪ್ರತಿರೋಧ ತಗ್ಗಿದಷ್ಟೂ ಇಂಧನ ಉಳಿಯುತ್ತದೆ. ಇಷ್ಟು ದೀರ್ಘಕಾಲದ ನಿಧಾನದ ಹಾರಾಟಕ್ಕೆ ಮಿತವಾಗಿ ಇಂಧನ ಬಳಸುವ ಎರಡು ಪಿಸ್ಟನ್ ಎಂಜಿನ್‌ಗಳನ್ನು ರೆಕ್ಕೆಗಳಲ್ಲಿ ಅಳವಡಿಸಲಾಯಿತು.

ಸುಮಾರು 350 ಕಿಲೋಗ್ರಾಂ ಉಪಕರಣಗಳನ್ನು ಇದು ಒಯ್ಯಬೇಕಾಗಿತ್ತು: ಹಗಲಿನ ಕ್ಯಾಮೆರಾ, ಇರುಳಿನಲ್ಲಿ ಶಾಖದ ವ್ಯತ್ಯಾಸವನ್ನು ಗುರುತಿಸುವ ಅವಕೆಂಪು ಸಂವೇದಕ, ಮೋಡವನ್ನು ಭೇದಿಸಿ ನೆಲದ ಚಿತ್ರ ಕೊಡುವ ರೇಡಾರ್, ಶತ್ರುವಿನ ವಿದ್ಯುನ್ಮಾನ ಸಂಕೇತಗಳನ್ನು ಆಲಿಸುವ ಸಾಧನ. ತೊಡಕು ಇರುವುದೇ ಇಲ್ಲಿ. ಮೇಲೇರಿದಷ್ಟೂ ನೋಟ ವಿಸ್ತರಿಸುತ್ತದೆ, ಆದರೆ ಸೂಕ್ಷ್ಮವಾಗಿ ಕಾಣಲು ಬಲವಾದ, ಅಂದರೆ ಭಾರವಾದ, ಕ್ಯಾಮೆರಾ ಬೇಕು. ಭಾರ ಹೆಚ್ಚಿದರೆ ಎಂಜಿನ್ನಿನ ಹೊರೆ ಹೆಚ್ಚುತ್ತದೆ, ಗಂಟೆಗಳು ಕರಗುತ್ತವೆ. 30,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೆಯ ಒಂದು ಭಾಗಕ್ಕಿಂತ ತುಸುವೇ ಹೆಚ್ಚು. ರೆಕ್ಕೆಗೂ ಎಂಜಿನ್ನಿಗೂ ಅಲ್ಲಿ ಉಸಿರು ಸಾಲದು. ತಪಸ್ ವಿಮಾನದ ತೂಕವೋ ಆರಂಭದ ಅಂದಾಜನ್ನು ಮೀರಿ ಬೆಳೆದಿತ್ತು.

2016ರ ನವೆಂಬರಿನಲ್ಲಿ ತಪಸ್ ಮೊದಲು ಹಾರಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಪರೀಕ್ಷಾ ಕೇಂದ್ರದಿಂದ. ಅಮೃತಮಹಲ್ ರಾಸುಗಳ ಹುಲ್ಲುಗಾವಲಾಗಿದ್ದ ಕಾವಲು ಭೂಮಿಯದು. ಅಲ್ಲಿ 4,000ಕ್ಕೂ ಹೆಚ್ಚು ಎಕರೆ ರಕ್ಷಣಾ ಸಂಶೋಧನೆಗೆ ಹೋದಾಗ ಸುತ್ತಲಿನ ಕುರಿಗಾಹಿಗಳೂ ರೈತರೂ ಎತ್ತಿದ ಆಕ್ಷೇಪ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ವಿಮಾನದ ಬೆಲೆಯನ್ನು ಕೋಟಿಗಳಲ್ಲಿ ಬರೆಯುವಾಗ ಈ ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಹೆಸರಿನಲ್ಲಿನ ಬಿ.ಎಚ್. ಎಂಬುದಕ್ಕೆ ‘ದಿಗಂತದಾಚೆ’ ಎಂದರ್ಥ. ಭೂಮಿಯ ದುಂಡಿನಿಂದಾಗಿ ನೆಲದ ಕೇಂದ್ರದ ನೇರ ರೇಡಿಯೋ ಸಂಪರ್ಕಕ್ಕೆ ಮಿತಿಯಿದೆ. ಆಚೆ ಹೋಗಬೇಕಾದರೆ ಉಪಗ್ರಹವೋ ಮತ್ತೊಂದು ನಿಯಂತ್ರಣ ಕೇಂದ್ರವೋ ಬೇಕು. 2023ರ ಜೂನ್ 16ರಂದು ಈ ಎರಡನೆಯ ಮಾರ್ಗದ ಪರೀಕ್ಷೆ ನಡೆಯಿತು. ಚಿತ್ರದುರ್ಗದಿಂದ ಹೊರಟ ತಪಸ್, 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿತು. ಅದರಲ್ಲಿ 40 ನಿಮಿಷ ಅದನ್ನು ನಡೆಸಿದ್ದು ಕಾರವಾರದಿಂದ 148 ಕಿಲೋಮೀಟರ್ ದೂರದ ಕಡಲಿನಲ್ಲಿದ್ದ ನೌಕಾಪಡೆಯ ‘ಸುಭದ್ರಾ’ ಹಡಗು. ಬಳಿಕ ವಿಮಾನ ಹೊರಟ ನೆಲೆಗೇ ಮರಳಿ ಇಳಿಯಿತು.

ಎರಡು ತಿಂಗಳ ನಂತರ, ಆಗಸ್ಟ್ 20ರಂದು, ಒಂದು ತಪಸ್ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ಬಿದ್ದಿತು. ಪರೀಕ್ಷೆಗಳಲ್ಲಿ ಈ ವಿಮಾನ ಮುಟ್ಟಿದ ಎತ್ತರ 28,000 ಅಡಿ. ಹಾರಿದ ಅವಧಿ 18 ಗಂಟೆಗಳಿಗೂ ಮೇಲು. ಸೇನೆಗಳು ಕೇಳಿದ್ದ 30,000 ಅಡಿ ಮತ್ತು 24 ಗಂಟೆಗಳ ಗುರಿ ಕೈಗೂಡದ ಕಾರಣ, ತಪಸ್ ಯೋಜನೆಯನ್ನು ವಿಶೇಷ ಆದ್ಯತೆಯ ಪಟ್ಟಿಯಿಂದ ಕೈಬಿಡಲಾಯಿತೆಂದು 2024ರ ಜನವರಿಯಲ್ಲಿ ವರದಿಯಾಯಿತು.