ಮಾರ್ಕ್ಸ್ ಚೆನ್ನಾಗಿದೆ, ಮನಸ್ಸು ಹೇಗಿದೆ?

ಪಿಯುಸಿವರೆಗೆ ಅದೇ ಬೆಂಚು, ಅದೇ ಟೈಮ್‌ಟೇಬಲ್, ಸಂಜೆಗೆ ಮನೆ. ಡಿಗ್ರಿಗೆ ಸೇರಿದ ಕೂಡಲೇ ಹಾಸ್ಟೆಲ್ ರೂಮು, ಗ್ರೂಪ್ ಪ್ರಾಜೆಕ್ಟು, ಕೊನೇ ಗಳಿಗೆಯಲ್ಲಿ ಬದಲಾಗುವ ಕ್ಲಾಸು, ಮೆಸ್ಸಿನ ಗದ್ದಲ. ಉಳಿದವರು ತಿಂಗಳೊಳಗೆ ಹೊಂದಿಕೊಳ್ತಾರೆ. ಆಟಿಸಂ ಇರುವ ಎಷ್ಟೋ ವಿದ್ಯಾರ್ಥಿಗಳಿಗೆ ಇದು ದಿನಾ ಹತ್ತಬೇಕಾದ ಗುಡ್ಡ.

ಆಟಿಸಂ ಅಂದ್ರೆ ಚಿಕ್ಕ ಮಕ್ಕಳ ವಿಷಯ ಅಂತಲೇ ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ಆದರೆ ಮಕ್ಕಳು ಬೆಳೆದು ಕಾಲೇಜಿಗೆ ಬಂದಾಗ ಅದೂ ಜೊತೆಗೇ ಬರುತ್ತದೆ. ಎಲ್ಲರಂತೆ ಕಾಣಬೇಕೆಂದು ಅವರು ಕಷ್ಟಪಟ್ಟು ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾರೆ, ಅರ್ಥವಾಗದ ಜೋಕಿಗೂ ನಗ್ತಾರೆ, ಕಿವಿಗೆ ಬಡಿಯುವ ಸದ್ದನ್ನೂ ಸಹಿಸಿ ಕೂರ್ತಾರೆ. ಇದಕ್ಕೆ 'ಮಾಸ್ಕಿಂಗ್' ಅನ್ನುತ್ತಾರೆ. ಇಡೀ ದಿನ ಹೀಗೆ ನಟಿಸಿದ ಮನಸ್ಸು ರಾತ್ರಿ ಹೊತ್ತಿಗೆ ಬಸವಳಿದಿರುತ್ತದೆ. ಆತಂಕ, ಖಿನ್ನತೆ, ಸಾಯುವ ಯೋಚನೆ ಇವರಲ್ಲಿ ಉಳಿದವರಿಗಿಂತ ಹೆಚ್ಚು ಎಂದು ಅಧ್ಯಯನಗಳು ಪದೇ ಪದೇ ಹೇಳಿವೆ. ಒಳ್ಳೆ ಮಾರ್ಕ್ಸ್ ಬರುತ್ತಿದ್ದರಂತೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಕೌನ್ಸೆಲಿಂಗ್ ಒಂದೇ ಸಾಲದು. ದಿನದ ಭಾರವೂ ಇಳಿಯಬೇಕು.

ಗೆಳೆಯರು: ಪ್ಲಾನ್ ಬದಲಾದರೆ ಮೊದಲೇ ಮೆಸೇಜ್ ಹಾಕಿ. ಹೆಡ್‌ಫೋನ್ ಹಾಕಿಕೊಂಡು ಕೂತರೆ ಅದು ಜಂಬವಲ್ಲ. 'ಸುಮ್ನೆ ಬಾರೋ' ಅಂತ ಎಳೆದೊಯ್ಯಬೇಡಿ. ಹಾಗಂತ ಕರೆಯುವುದನ್ನೇ ಬಿಡಬೇಡಿ.

ಅಧ್ಯಾಪಕರು: ಬಾಯಲ್ಲಿ ಹೇಳಿದ ಅಸೈನ್‌ಮೆಂಟನ್ನು ಬರೆದೂ ಕೊಡಿ. ವೈವಾದಲ್ಲಿ ಉತ್ತರಕ್ಕೆ ಒಂದು ನಿಮಿಷ ಕಾಯಿರಿ.

ಮನೆಯವರು: 'ಹೇಗಿದ್ದೀಯಾ?' ಅಂದರೆ 'ಚೆನ್ನಾಗಿದೀನಿ' ಅಂತಲೇ ಉತ್ತರ ಬರುತ್ತೆ. ತಮ್ಮ ಭಾವನೆಗೆ ಹೆಸರಿಡುವುದೇ ಹಲವರಿಗೆ ಕಷ್ಟ. 'ನಿನ್ನೆ ಎಷ್ಟೊತ್ತಿಗೆ ಮಲಗಿದೆ? ಇವತ್ತು ಊಟಕ್ಕೆ ಹೋಗಿದ್ಯಾ?' ಅಂತ ಕೇಳಿ. ಊಟ ತಪ್ಪಿಸುವುದು, ಮಾತು ಕಡಿಮೆಯಾಗುವುದು, ಪ್ರಾಣದಂತಿದ್ದ ಹವ್ಯಾಸವನ್ನು ಬಿಟ್ಟುಬಿಡುವುದು ಕಂಡರೆ ತಡಮಾಡಬೇಡಿ.

ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಇರುವವರಿಗೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದ ಮಾತೂ ಕಾಯ್ದೆಯಲ್ಲಿದೆ. ಆದರೂ 'ನಾಳೆ ಕೆಲಸ, ಮದುವೆಗೆ ತೊಂದರೆಯಾದೀತು' ಎಂದು ಮುಚ್ಚಿಡುವವರಿದ್ದಾರೆ. ಹೇಳುವುದೋ ಬಿಡುವುದೋ ಆ ವಿದ್ಯಾರ್ಥಿಯ ನಿರ್ಧಾರ. ನಿಮ್ಮನ್ನು ನಂಬಿ ಹೇಳಿದ್ದನ್ನು ಕ್ಲಾಸ್ ಗ್ರೂಪಿಗೆ ಹಾಕಬೇಡಿ.

ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಅಪರಿಚಿತರಿಗೆ ಫೋನ್ ಮಾಡುವುದೇ ಅವರಿಗೆ ಕಷ್ಟವಾದರೆ, ಪಕ್ಕದಲ್ಲಿ ಕೂತು ನಂಬರ್ ಒತ್ತಿ ಕೊಡಿ.