ಮೇಲ್ಮುದ್ದೆಯ ಮನೆಗಳ ತೊಲೆಗಳೂ ಅವುಗಳ ಜೀರ್ಣೋದ್ಧಾರವೂ

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯ ಮೇಲ್ಛಾವಣಿಯನ್ನು ನೋಡಿದವರಿಗೆ, ಚಪ್ಪಡಿಗಳ ಸಂದುಗಳನ್ನು ಮುಚ್ಚಿರುವ ನೀಳವಾದ ಕಲ್ಲುಪಟ್ಟಿಗಳು ಮರದ ದಿಮ್ಮಿಗಳಂತೆಯೇ ತೋರುವುವು. ಕ್ರಿ. ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿಯೂ ಕಂಬ, ಬೋದಿಗೆ, ತೊಲೆ ಎಂಬ ಕ್ರಮವು ಬಡಗಿಯ ಕೆಲಸವನ್ನು ನೆನಪಿಗೆ ತರುವುದು. ಕಲ್ಲಿನ ಪ್ರತಿರೂಪವು ಉಳಿಯಿತು; ಮೂಲವಾದ ಮರವು ಉಳಿಯಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮೇಲ್ಮುದ್ದೆಯ ಹಳೆಯ ಮನೆಗಳಲ್ಲಿ ಈ ಕ್ರಮವನ್ನು ಮರದಲ್ಲಿಯೇ ಕಾಣಬಹುದಾದುದರಿಂದ, ಅಂತಹ ಮನೆಯ ತೊಲೆಯನ್ನು ಉಳಿಸುವುದು ಬರಿಯ ಗೃಹಕೃತ್ಯವಲ್ಲ.

ಈ ಮನೆಗಳಲ್ಲಿ ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿಗಳು, ಅವುಗಳ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣಿನ ಮುದ್ದೆ ಇರುವುದು. ಮಾಳಿಗೆ ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಹೊಸ ಮಣ್ಣನ್ನೇರಿಸುವ ವಾಡಿಕೆಯಿಂದ ಭಾರವು ಬೆಳೆಯುತ್ತಲೇ ಹೋಗುವುದು. ಒಂದು ಅಡಿ ದಪ್ಪದ ಒಣಮಣ್ಣು ಚದರಡಿಗೆ ಸುಮಾರು 45 ಕಿಲೋಗ್ರಾಂ ತೂಗುವುದು. ನೆನೆದಾಗ ಇನ್ನೂ ಹೆಚ್ಚು.

ಆದರೆ ತೊಲೆಯು ಕೆಡುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ನಡುಭಾಗದಲ್ಲಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ನೀರು ಹೊರಹೋಗುವ ದೋಣಿ ಕಟ್ಟಿಕೊಂಡರೆ ಗೋಡೆ ನೆನೆದು, ಗಾಳಿಯಿಲ್ಲದ ಆ ತುದಿಯು ಮೊದಲು ಕೊಳೆಯುವುದು. ಗೆದ್ದಲೂ ಅಲ್ಲಿಂದಲೇ ಹತ್ತುವುದು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ತೇವವು ಒಳಗೇ ಉಳಿದು ಕೇಡು ಇಮ್ಮಡಿಯಾಗುವುದು. ಆದಕಾರಣ ಚಿಕಿತ್ಸೆಯು ಮೊದಲು ನೀರಿಗೆ, ಬಳಿಕ ಮರಕ್ಕೆ.

ಕೊಡತಿಯಿಂದ ತಟ್ಟಿದಾಗ ಪೊಳ್ಳು ದನಿ ಬರುವ ಕಡೆ ದಬ್ಬಣವನ್ನು ಚುಚ್ಚಿ, ಕೊಳೆತುದು ಎಲ್ಲಿಯವರೆಗೆಂಬುದನ್ನು ನಿಶ್ಚಯಿಸಬೇಕು. ತೊಲೆಯ ಕೆಳಗೆ ಆಸರೆಯ ಕಂಬಗಳನ್ನು ಕೊಟ್ಟು, ಮೇಲಿನ ಹೆಚ್ಚಿನ ಮಣ್ಣನ್ನು ಇಳಿಸಿ, ಕೆಟ್ಟ ಭಾಗವನ್ನು ಮಾತ್ರ ಕೊಯ್ದು, ಅದೇ ಜಾತಿಯ ಚೆನ್ನಾಗಿ ಒಣಗಿದ ಮರವನ್ನು ಜೋಡಿಸುವುದು. ಎರಡು ತುಂಡುಗಳನ್ನೂ ಅರ್ಧ ದಪ್ಪಕ್ಕೆ ಕೆತ್ತಿ, ಒಂದರ ಮೇಲೊಂದು ಕೂಡಿಸಿ, ಗಟ್ಟಿಮರದ ಗೂಟಗಳಿಂದ ಬಿಗಿಯಬೇಕು. ತೊಲೆಯನ್ನು ಬಾಗಿಸುವ ಒತ್ತಡವು ನಡುವೆ ಹೆಚ್ಚು, ತುದಿಯಲ್ಲಿ ಕಡಮೆ. ಗೋಡೆಯ ಬಳಿಯ ಬೆಸುಗೆ ಸಾಧ್ಯವಾಗುವುದು ಇದರಿಂದಲೇ. ನಡುವೆಯೇ ಮುರಿದ ತೊಲೆಗೆ ಈ ಉಪಾಯವು ಸಲ್ಲದು. ಹೊಸ ತುದಿಯನ್ನು ಕಲ್ಲಿನ ಮೇಲಿರಿಸಿ, ಸುತ್ತ ಗಾಳಿಯಾಡಲು ತೆರಪು ಬಿಡಬೇಕು. ಅವಶ್ಯವಿದ್ದಷ್ಟನ್ನೇ ಬದಲಿಸಬೇಕೆಂಬ ಈ ನೀತಿಯನ್ನೇ ಐಕೊಮಾಸ್ ಸಂಸ್ಥೆಯು 1999ರಲ್ಲಿ ಮೆಕ್ಸಿಕೋದಲ್ಲಿಯೂ 2017ರಲ್ಲಿ ದೆಹಲಿಯಲ್ಲಿಯೂ ಅಂಗೀಕರಿಸಿದ ಸೂತ್ರಗಳಲ್ಲಿ ಕಾಣಬಹುದು.

ಆಲಮಟ್ಟಿಯ ಹಿನ್ನೀರಿನ ದೆಸೆಯಿಂದ ಹಳೆಯ ಬಾಗಲಕೋಟೆಯ ಅನೇಕ ಮನೆಗಳು ತೆರವಾಗಿ, ನಿವಾಸಿಗಳು ನವನಗರಕ್ಕೆ ಹೋದರು. ಕಳಚಿದ ಮನೆಯ ಹಳೆಯ ಮರವು ಜೋಡಣೆಗೆ ಬಲು ಯೋಗ್ಯ. ಒಣಗಬೇಕಾದಷ್ಟು ಅದು ಎಂದೋ ಒಣಗಿದೆ. ಆದರೆ ತನ್ನ ಸ್ಥಾನದಿಂದ ಬೇರ್ಪಟ್ಟ ಬೋದಿಗೆಯು ಬರಿಯ ಕೆತ್ತಿದ ಮರ. ಕಳಚುವ ಮುನ್ನ ಪ್ರತಿಯೊಂದು ಅಂಗಕ್ಕೂ ಸಂಖ್ಯೆಯನ್ನು ಬರೆದು, ಅದರ ಹೆಸರನ್ನು ಬಡಗಿಯ ಬಾಯಿಂದಲೇ ಕೇಳಿ ಗುರುತಿಸಿಕೊಳ್ಳುವುದು ಅವಶ್ಯ. ನಿಘಂಟುಕಾರರಿಗೂ ಆ ಪಟ್ಟಿಯು ಬೇಕಾದುದೇ.