ಈರುಳ್ಳಿ ಬೇರಿನ ಸಾಕ್ಷ್ಯ

ಬಸವನಗುಡಿಯ ದೊಡ್ಡ ಬಸವನ ಪಾದದಡಿ ಹುಟ್ಟಿತೆಂಬ ಐತಿಹ್ಯವುಳ್ಳ ವೃಷಭಾವತಿ ಒಂದು ಕಾಲದಲ್ಲಿ ಜನ ಮೀಯುತ್ತಿದ್ದ ಹೊಳೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದರ ದಂಡೆಯಲ್ಲೇ ಇದೆ. ಇಂದು ರಾಜಾಜಿನಗರ, ವಿಜಯನಗರಗಳ ಕಡೆಯ ಚರಂಡಿ ನೀರನ್ನೂ ಪೀಣ್ಯದ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಸಾಗುವ ಈ ಹೊಳೆ ಕೆಂಗೇರಿ ದಾಟುವಾಗ ನೊರೆಗಟ್ಟಿರುವುದುಂಟು.

ಇಂಥ ನೀರಿನಲ್ಲಿ ಏನೇನಿದೆ ಎಂಬುದನ್ನು ರಸಾಯನಶಾಸ್ತ್ರ ಹೇಳಬಲ್ಲದು: ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ರೋಮಿಯಂ, ಇಷ್ಟು ಸತು, ಇಷ್ಟು ನಿಕ್ಕಲ್. ಆದರೆ ಅವೆಲ್ಲ ಒಟ್ಟುಗೂಡಿ ಒಂದು ಜೀವಕೋಶಕ್ಕೆ ಏನು ಮಾಡುತ್ತವೆ ಎಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರವಿಲ್ಲ. ಅದನ್ನು ಜೀವವಿರುವ ವಸ್ತುವನ್ನೇ ಕೇಳಬೇಕು. ಹಾಗೆ ಕೇಳಲು ವಿಜ್ಞಾನಿಗಳು ಆರಿಸಿಕೊಂಡ ಸಾಕ್ಷಿಗಳಲ್ಲೊಂದು ಅಡುಗೆಮನೆಯ ಈರುಳ್ಳಿ.

ಈರುಳ್ಳಿಯೇ ಏಕೆ? ಅದರ ಬೇರಿನ ತುದಿಯಲ್ಲಿ ಕೋಶಗಳು ಎಡೆಬಿಡದೆ ಒಡೆದು ಎರಡಾಗುತ್ತಿರುತ್ತವೆ. ಪ್ರತಿ ಕೋಶದಲ್ಲಿರುವುದು 16 ವರ್ಣತಂತುಗಳು ಮಾತ್ರ. ಅವೂ ದೊಡ್ಡವು, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಕಾಣುವಂಥವು. ಪಿಯುಸಿ ವಿದ್ಯಾರ್ಥಿಗಳು ಕೋಶ ವಿಭಜನೆಯನ್ನು ಕಣ್ಣಾರೆ ನೋಡುವುದೂ ಈ ಬೇರಿನಲ್ಲಿಯೇ.

ಈ ಬೇರನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಪ್ರಮುಖರು ಸ್ವೀಡನ್ನಿನ ಆಲ್ಬರ್ಟ್ ಲೆವಾನ್. 1938ರಲ್ಲಿ ಅವರು ಕಾಲ್ಚಿಸಿನ್ ಎಂಬ ವಸ್ತು ಈರುಳ್ಳಿ ಬೇರಿನ ಮೇಲೆ ಬೀರುವ ಪರಿಣಾಮವನ್ನು ವಿವರಿಸಿದರು. ನಮ್ಮ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಗಿಡದಲ್ಲಿಯೂ ಇರುವ ವಿಷ ಇದು. ವಿಭಜನೆಯ ವೇಳೆ ವರ್ಣತಂತುಗಳನ್ನು ಎರಡು ಬದಿಗೆ ಸೆಳೆಯುವ ನೂಲುಗಳನ್ನು ಕಾಲ್ಚಿಸಿನ್ ಕಟ್ಟಗೊಡುವುದಿಲ್ಲ. ವರ್ಣತಂತುಗಳು ಇಮ್ಮಡಿಯಾದರೂ ಕೋಶ ಒಡೆಯದೆ ಉಳಿಯುತ್ತದೆ. ಇದೇ ಲೆವಾನ್, ಜೋ ಹಿನ್ ಟಿಯೋ ಅವರೊಡನೆ ಸೇರಿ, ಮನುಷ್ಯನ ಕೋಶದಲ್ಲಿರುವ ವರ್ಣತಂತುಗಳು 46 ಎಂದು 1956ರಲ್ಲಿ ಜಗತ್ತಿಗೆ ತಿಳಿಸಿದರು.

ಸ್ವೀಡನ್ನಿನವರೇ ಆದ ಗೈರಿಡ್ ಫಿಸ್ಕೆಶೋ 1985ರಲ್ಲಿ ಈ ವಿಧಾನವನ್ನು ಪರಿಸರ ಪರೀಕ್ಷೆಯ ಒಂದು ಮಾನದಂಡವಾಗಿ ಮುಂದಿಟ್ಟರು. ಕ್ರಮ ಸರಳ. ಕೆಲವು ಗಡ್ಡೆಗಳ ಬುಡವನ್ನು ಶುದ್ಧ ನೀರಿಗೆ, ಮತ್ತೆ ಕೆಲವನ್ನು ಪರೀಕ್ಷಿಸಬೇಕಾದ ನೀರಿಗೆ ತಾಗಿಸಿಡುವುದು. ಕೆಲವು ದಿನಗಳ ಬಳಿಕ ಬೇರುಗಳ ಉದ್ದವನ್ನು ಹೋಲಿಸುವುದು. ನೀರಿನಲ್ಲಿ ವಿಷವಿದ್ದರೆ ಬೇರು ಗಿಡ್ಡಾಗುತ್ತದೆ, ಕೆಲವೊಮ್ಮೆ ಕೊಕ್ಕೆಯಂತೆ ಬಾಗುತ್ತದೆ. ಬಳಿಕ ತುದಿಗೆ ಬಣ್ಣ ಹಾಕಿ ನೋಡಿದರೆ ತುಂಡಾದ ವರ್ಣತಂತುಗಳೂ ಕೋಶಕೇಂದ್ರದಿಂದ ಹೊರಗುಳಿದ ಚೂರುಗಳೂ ಕಾಣಿಸಬಹುದು. ಬೇರು ಗಿಡ್ಡಾದರೆ ಬೆಳವಣಿಗೆಗೆ ತಡೆಯಾಗಿದೆ ಎಂದರ್ಥ. ವರ್ಣತಂತು ತುಂಡಾದರೆ ವಂಶವಾಹಿಗೇ ಪೆಟ್ಟು ಬಿದ್ದಿದೆ ಎಂದರ್ಥ.

ಲೋಹಲೇಪನದ ಘಟಕಗಳಲ್ಲಿ ಬಳಕೆಯಾಗುವ ಕ್ರೋಮಿಯಂ ಇದಕ್ಕೆ ಉದಾಹರಣೆ. ಅದರ ಆರು ವೇಲೆನ್ಸಿಯ ರೂಪ ಸಲ್ಫೇಟನ್ನು ಹೋಲುವುದರಿಂದ, ಸಲ್ಫೇಟಿಗಾಗಿ ಇರುವ ದಾರಿಯಲ್ಲೇ ಕೋಶದೊಳಕ್ಕೆ ನುಸುಳುತ್ತದೆ. ಒಳಗೆ ಮೂರು ವೇಲೆನ್ಸಿಯ ರೂಪಕ್ಕೆ ಇಳಿಯುವ ಹಾದಿಯಲ್ಲಿ ಡಿಎನ್‌ಎಯನ್ನು ಗಾಸಿಗೊಳಿಸುತ್ತದೆ. ಮೂರು ವೇಲೆನ್ಸಿಯ ರೂಪ ಹೊರಗೇ ಇದ್ದರೆ ಕೋಶದೊಳಕ್ಕೆ ಅಷ್ಟು ಸುಲಭವಾಗಿ ಬಾರದು. ಲೋಹ ಒಂದೇ ಆದರೂ ಅಪಾಯ ಒಂದೇ ಅಲ್ಲ.

ಈ ಸಾಕ್ಷಿಗೂ ಮಿತಿಗಳಿವೆ. ಈರುಳ್ಳಿಗೆ ಯಕೃತ್ತಿಲ್ಲ, ಕೆಲವು ರಾಸಾಯನಿಕಗಳು ಯಕೃತ್ತಿನಲ್ಲಿ ಮಾರ್ಪಟ್ಟ ಮೇಲಷ್ಟೇ ವಿಷವಾಗುತ್ತವೆ. ಬೇರು ಚೆನ್ನಾಗಿ ಬೆಳೆಯಿತೆಂದು ನೀರು ಕುಡಿಯಲು ಯೋಗ್ಯವೆನ್ನುವಂತಿಲ್ಲ. ಚರಂಡಿ ನೀರಿನಲ್ಲಿ ಸಸ್ಯಕ್ಕೆ ಬೇಕಾದ ಗೊಬ್ಬರವೂ ಇರುತ್ತದೆ. ಬೇರು ಕೆಟ್ಟಿತೆಂದು ಮನುಷ್ಯರಿಗೆ ಇಂಥದೇ ರೋಗ ಬರುವುದೆಂದೂ ಹೇಳಲಾಗದು. ಮುಂದೆ ಇನ್ನಷ್ಟು ಪರೀಕ್ಷೆ ಬೇಕು ಎಂಬ ಎಚ್ಚರಿಕೆಯನ್ನು ಮಾತ್ರ ಅದು ಕಡಿಮೆ ಖರ್ಚಿನಲ್ಲಿ, ಬೇಗನೆ ಕೊಡುತ್ತದೆ.

ಆ ಎಚ್ಚರಿಕೆ ಸಣ್ಣದಲ್ಲ. ವೃಷಭಾವತಿ ಕೆಂಗೇರಿಯಲ್ಲಿ ನಿಲ್ಲುವುದಿಲ್ಲ. ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರಿ, ಅಲ್ಲಿಂದ ಅರ್ಕಾವತಿಗೆ, ಮುಂದೆ ಕಾವೇರಿಗೆ ಹರಿಯುತ್ತದೆ. ದಾರಿಯಲ್ಲಿ ಅದು ಹೊಲಗಳಿಗೂ ಹಾಯುತ್ತದೆ. ನಗರ ತೊಳೆದು ಬಿಟ್ಟ ನೀರು ಹೀಗೆ ಇನ್ನೊಬ್ಬರ ಬೆಳೆಯ ಬೇರಿಗೆ ತಲುಪುತ್ತಿದೆ.